ವಿಂಡೋಸ್ ಪಿಕ್ಚರ್ರು, ಲಿನಕ್ಸ್ ಟಾಕೀಸು!

ಸಿನಿಮಾ ಪತ್ರಿಕೆಯಲ್ಲಿ ಕಂಪ್ಯೂಟರ್ ಆಟದ ಪುರಾಣ ಯಾಕಪ್ಪಾ ಅಂತ ಹುಬ್ಬೇರಿಸಬೇಡಿ ಗೆಳೆಯರೇ! ನನಗೆ ಬರುವ ಕಾಗದಗಳಲ್ಲಿ ಮುಕ್ಕಾಲುವಾಸಿ ಯಾರ ಚಿತ್ರ ಎಂದು ಬಿಡುಗಡೆ, ಯಾರ ಚಿತ್ರ ಎಷ್ಟು ದಿನ ಓಡಿತು ಅನ್ನೋದೇ. ಆದರೆ ಈಚೆಗೆ ನಡುನಡುವೆ ಇನ್ನೊಂದು ಥರದ ಪ್ರಶ್ನೆಯೂ ಇಣುಕ್ತಾ ಇದೆ. ಧಾಟಿ ಬೇರೆ ಬೇರೆ, ಸಂಕಟ ಮಾತ್ರ ಒಂದೇ:

"ಸಾರ್, ಮನೇಲಿ ಹಳೇ ಕಂಪ್ಯೂಟರ್ ಇದೆ. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಜೋಡಿಸಿ ತಂದದ್ದು. ವಿಂಡೋಸ್ ಹತ್ತಕ್ಕೆ ಇನ್ನು ದಿಕ್ಕಿಲ್ಲ ಅಂತಾರೆ, ಹನ್ನೊಂದು ಈ ಮಿಷನ್ನಿಗೆ ಹತ್ತೋದಿಲ್ಲ ಅಂತಾರೆ. ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡರೆ ನನ್ನ ಆಟಗಳು ಓಡ್ತಾವಾ? ಇಲ್ಲಾ ಗುಜರಿಗೆ ಹಾಕಿಬಿಡ್ಲಾ?"

ಗುಜರಿಯವನು ಗೇಟಿನ ಹತ್ತಿರ ಬಂದಿದ್ದರೂ ಸ್ವಲ್ಪ ನಿಲ್ಲಿಸಿ! ೨೦೨೫ರ ಅಕ್ಟೋಬರ್ ೧೪ಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ ೧೦ರ ಮಾಮೂಲು ಬೆಂಬಲ ನಿಲ್ಲಿಸಿದ್ದು ನಿಜ. ವಿಂಡೋಸ್ ೧೧ಕ್ಕೆ ಟಿ.ಪಿ.ಎಂ. ೨.೦ ಅನ್ನೋ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯದೋ ಅದಕ್ಕಿಂತ ಈಚಿನದೋ ಬೇಕು ಅನ್ನೋದೂ ನಿಜ. ಹಾಗಂತ ಚೆನ್ನಾಗಿ ಓಡ್ತಾ ಇರೋ ಯಂತ್ರವನ್ನ ತೂಕಕ್ಕೆ ಹಾಕೋದೇ? ಈ ವಾರ ಪೂರ್ತಿ ಅದೇ ಮಾತು. ಈ ಪುಟಕ್ಕೆ ಇದು ಹೊರಗಿನ ವಿಷಯವೂ ಅಲ್ಲ, ಯಾಕಂದರೆ ಇದು ನಮಗೆಲ್ಲ ಚೆನ್ನಾಗಿ ಗೊತ್ತಿರುವ ಕಥೆ... ಡಬ್ಬಿಂಗ್ ಕಥೆ!

ಭಾಷೆಯ ತೊಡಕು

ಮೊದಲು ಪೀಠಿಕೆ. ಕಂಪ್ಯೂಟರಿನ ಯಂತ್ರ ಅಂದರೆ ಟಾಕೀಸು. ಆಪರೇಟಿಂಗ್ ಸಿಸ್ಟಂ ಅಂದರೆ ಆ ಟಾಕೀಸಿನಲ್ಲಿ ನಡೆಯುವ ಭಾಷೆ. ವಿಂಡೋಸ್ ಒಂದು ಭಾಷೆ, ಲಿನಕ್ಸ್ ಇನ್ನೊಂದು. ೧೯೯೧ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ತರುಣ ಲಿನಕ್ಸ್‌ನ ತಿರುಳನ್ನ ಬರೆದು ಲೋಕಕ್ಕೆ ಬಿಟ್ಟ. ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಉಬುಂಟು, ಮಿಂಟ್, ಫೆಡೋರಾ ಅಂತೆಲ್ಲ ಹೆಸರು ಕೇಳ್ತೀರಲ್ಲ, ತಿರುಳು ಒಂದೇ, ಬ್ಯಾನರ್ ಮಾತ್ರ ಬೇರೆ.

ಈಗ ಒಂದು ಆಟ ತಗೊಳ್ಳಿ. ವಿಂಡೋಸ್‌ಗೆ ಅಂತಲೇ ತಯಾರಾದದ್ದು. ಒಳಗಿರುವ ಲೆಕ್ಕಾಚಾರವೆಲ್ಲ ಪ್ರೊಸೆಸರಿಗೆ ಕೊಡುವ ಆಜ್ಞೆಗಳು. ಪ್ರೊಸೆಸರ್ ಎರಡೂ ಕಡೆ ಅದೇ. ಅಂದರೆ ಪ್ರೊಜೆಕ್ಟರು ಒಂದೇ, ರೀಲು ಹೊಂದುತ್ತೆ, ಚಕ್ರ ತಿರುಗುತ್ತೆ. ಮತ್ತೆ ತೊಡಕೇನು? ಆಟ ಕ್ಷಣಕ್ಷಣಕ್ಕೂ ಆಪರೇಟಿಂಗ್ ಸಿಸ್ಟಂ ಜೊತೆ ಮಾತಾಡ್ತಾನೇ ಇರುತ್ತೆ. "ಈ ಫೈಲ್ ತೆಗೆ, ಆ ಕೀಲಿ ಒತ್ತಿದರಾ ನೋಡು, ಇಲ್ಲಿ ಬೆಂಕಿ ಬರೆ, ಅಲ್ಲಿ ನೆರಳು ಹಾಕು..." ಈ ಮಾತೆಲ್ಲ ವಿಂಡೋಸ್ ಭಾಷೆಯಲ್ಲಿ. ಅದರಲ್ಲೂ ಚಿತ್ರ ಬರೆಯೋದಕ್ಕೆ ಡೈರೆಕ್ಟ್ ತ್ರೀಡಿ ಅನ್ನೋ ಪ್ರತ್ಯೇಕ ಪರಿಭಾಷೆಯೇ ಉಂಟು. ೧೯೯೫ರಿಂದ ಮೈಕ್ರೋಸಾಫ್ಟ್ ಬೆಳೆಸಿಕೊಂಡು ಬಂದ ಡೈರೆಕ್ಟ್ ಎಕ್ಸ್ ಕುಟುಂಬದ್ದು ಅದು. ಲಿನಕ್ಸ್‌ಗೆ ಇದರಲ್ಲಿ ಒಂದಕ್ಷರವೂ ತಿಳಿಯೋದಿಲ್ಲ. ಪರದೆ ಕತ್ತಲು, ಪ್ರೇಕ್ಷಕರ ಗಲಾಟೆ!

ಇದಕ್ಕೆ ದಾರಿ ಎರಡೇ. ಆಟವನ್ನ ಲಿನಕ್ಸ್ ಭಾಷೆಯಲ್ಲಿ ಹೊಸದಾಗಿ ತಯಾರಿಸೋದು, ಅಂದರೆ ರಿಮೇಕ್. ಇಲ್ಲವೇ ಚಿತ್ರ ಹಾಗೇ ಓಡ್ತಾ ಇರುವಾಗ ಮಾತನ್ನ ಮಾತ್ರ ಬದಲಿಸೋದು, ಅಂದರೆ ಡಬ್ಬಿಂಗ್.

ರಿಮೇಕ್ ಸುಸ್ತಾಯಿತು

ರಿಮೇಕಿಗೆ ಮೊದಲು ದೊಡ್ಡದಾಗಿ ಕೈ ಹಾಕಿದವರು ಅಮೆರಿಕದ ಕ್ಯಾಲಿಫೋರ್ನಿಯಾದವರು. ೧೯೯೮ರಲ್ಲಿ ಸ್ಕಾಟ್ ಡ್ರೇಕರ್ ಎಂಬಾತ ಲೋಕಿ ಸಾಫ್ಟ್‌ವೇರ್ ಅನ್ನೋ ಸಂಸ್ಥೆ ಕಟ್ಟಿದ. ಹೆಸರಾಂತ ವಿಂಡೋಸ್ ಆಟಗಳ ಹಕ್ಕು ಪಡೆದು, ಲಿನಕ್ಸ್‌ಗೆ ಹೊಂದಿಸಿ, ಡಬ್ಬಿಯಲ್ಲಿಟ್ಟು ಮಾರೋದು ಅವರ ಕಸುಬು. ೧೯೯೯ರಲ್ಲಿ 'ಸಿವಿಲೈಸೇಷನ್: ಕಾಲ್ ಟು ಪವರ್' ಬಂತು, ಆಮೇಲೆ ಇನ್ನೂ ಹಲವು ಬಂದವು. ಕೆಲಸ ಅಚ್ಚುಕಟ್ಟು. ಆದರೆ ಕೌಂಟರಿನ ಮುಂದೆ ಜನ ಎಲ್ಲಿ? ವಿಂಡೋಸ್‌ನಲ್ಲಿ ಎಲ್ಲರೂ ಆಡಿ ಮುಗಿಸಿದ ಮೇಲೆ ತಾನೇ ಇವರ ಆಟ ಅಂಗಡಿಗೆ ಬರೋದು! ೨೦೦೨ರ ಜನವರಿಯಲ್ಲಿ ಲೋಕಿ ಬಾಗಿಲು ಹಾಕಿತು.

ಚಿತ್ರ ಸೋತರೂ ತಂತ್ರಜ್ಞ ಸೋಲಲಿಲ್ಲ ಅನ್ನೋ ಮಾತು ನಮ್ಮ ಗಾಂಧಿನಗರದಲ್ಲಿ ಕೇಳೇ ಇದ್ದೀರಿ. ಇಲ್ಲೂ ಅದೇ ಆಯ್ತು. ಲೋಕಿಯಲ್ಲಿದ್ದ ಸ್ಯಾಮ್ ಲ್ಯಾಂಟಿಂಗ ರೂಪಿಸಿದ ಎಸ್.ಡಿ.ಎಲ್. ಅನ್ನೋ ಮುಕ್ತ ಸಲಕರಣೆ ಇವತ್ತಿಗೂ ನೂರಾರು ಆಟಗಳ ಬೆನ್ನೆಲುಬು. ಆ ಮನುಷ್ಯನ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹೆಂಡದ ಹೆಸರು, ಅಮಲಿಲ್ಲದ ಕೆಲಸ

ಇತ್ತ ಡಬ್ಬಿಂಗ್ ಪಂಗಡ ಅದಕ್ಕೂ ಮೊದಲೇ, ೧೯೯೩ರಲ್ಲೇ, ಕೆಲಸಕ್ಕೆ ಕೂತಿತ್ತು. ಬಾಬ್ ಆಮ್‌ಸ್ಟಾಟ್ ಶುರುಮಾಡಿದ ಆ ಯೋಜನೆಯ ಹೆಸರು ವೈನ್. ಹೆಂಡ ಅಲ್ಲ ಸ್ವಾಮಿ! 'ವೈನ್ ಈಸ್ ನಾಟ್ ಆ್ಯನ್ ಎಮ್ಯುಲೇಟರ್' ಅನ್ನೋದರ ಗಿಡ್ಡ ರೂಪ. ಎಮ್ಯುಲೇಟರ್ ಅಂದರೆ ಒಂದು ಟಾಕೀಸಿನೊಳಗೆ ಇನ್ನೊಂದು ಟಾಕೀಸಿನ ಸೆಟ್ ಹಾಕಿದ ಹಾಗೆ. ದುಬಾರಿ ವ್ಯವಹಾರ, ನಿಧಾನ. ವೈನ್ ಅಂಥ ಸೆಟ್ ಹಾಕೋದಿಲ್ಲ. ಆಟ ವಿಂಡೋಸ್ ಭಾಷೆಯಲ್ಲಿ ಏನು ಕೇಳ್ತದೋ ಅದನ್ನ ಆ ಕ್ಷಣವೇ ಲಿನಕ್ಸ್ ಭಾಷೆಗೆ ತಿರುಗಿಸಿ ಹೇಳುತ್ತೆ, ಬಂದ ಉತ್ತರವನ್ನ ವಿಂಡೋಸ್ ಧಾಟಿಯಲ್ಲೇ ಒಪ್ಪಿಸುತ್ತೆ. ಆಟಕ್ಕೆ ಬೇಕಾದ ಸಿ ಡ್ರೈವ್ ಕೂಡಾ ಇಲ್ಲಿ ಬರೀ ಒಂದು ಫೋಲ್ಡರು. ಪಾಪ, ಆಟಕ್ಕೆ ತಾನು ಪರಭಾಷೆಯ ಟಾಕೀಸಿನಲ್ಲಿ ಓಡ್ತಾ ಇದ್ದೀನಿ ಅನ್ನೋದೇ ತಿಳಿಯೋದಿಲ್ಲ!

೧೯೯೪ರಲ್ಲಿ ಅಲೆಕ್ಸಾಂಡರ್ ಜೂಲಿಯಾರ್ಡ್ ಇದರ ಚುಕ್ಕಾಣಿ ಹಿಡಿದರು. ಅಲ್ಲಿಂದ ಶುರುವಾಯ್ತು ನೋಡಿ ತಪಸ್ಸು. ವಿಂಡೋಸ್‌ನ ಒಳಗಿನ ಬರಹ ಮೈಕ್ರೋಸಾಫ್ಟ್‌ನ ಗುಟ್ಟು. ಹೊರಗಿನಿಂದ ತಟ್ಟಿ ನೋಡಿ, ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತೆ ಅಂತ ಪರೀಕ್ಷೆ ಮಾಡಿ, ಒಂದೊಂದು ಪದಕ್ಕೂ ಸಾಟಿ ಪದ ತಾವೇ ಬರೆಯಬೇಕು. ಎಲ್ಲಾದರೂ ಸೋರಿ ಬಂದ ವಿಂಡೋಸ್ ಬರಹವನ್ನ ಕಣ್ಣಾರೆ ನೋಡಿದವರಿಗೆ ವೈನ್‌ನಲ್ಲಿ ಕೈ ಹಾಕುವ ಅವಕಾಶವೇ ಇಲ್ಲ! ಕದ್ದ ಮಾಲು ಅನ್ನೋ ಮಾತು ಬರಬಾರದು ಅಂತ ಅಷ್ಟು ಕಟ್ಟುನಿಟ್ಟು. ಇದೇ ಕಾರಣಕ್ಕೆ ವೈನ್‌ನ ೧.೦ ಆವೃತ್ತಿ ಹೊರಬರೋದಕ್ಕೆ ೨೦೦೮ರ ಜೂನ್ ಬರಬೇಕಾಯ್ತು. ಹದಿನೈದು ವರ್ಷ! ನಮ್ಮಲ್ಲಿ ಒಂದು ಚಿತ್ರ ಮೂರು ವರ್ಷ ಡಬ್ಬದಲ್ಲಿದ್ದರೆ 'ಅದು ಬರೋದಿಲ್ಲ ಬಿಡಿ' ಅಂತ ಕೈ ತೊಳೆದುಬಿಡ್ತೀವಿ.

ನಡುವೆ ಒಂದು ಫೈಟ್ ಸೀನೂ ಉಂಟು. ಕೆನಡಾದ ಟ್ರಾನ್ಸ್‌ಗೇಮಿಂಗ್ ಅನ್ನೋ ಸಂಸ್ಥೆ ವೈನ್‌ನ ಬರಹವನ್ನೇ ತಗೊಂಡು, ಆಟಗಳಿಗೆ ಬೇಕಾದ್ದು ಸೇರಿಸಿ, ಚಂದಾದಾರರಿಗೆ ಮಾರತೊಡಗಿತು. ಆಗಿನ ಲೈಸೆನ್ಸಿನ ಪ್ರಕಾರ ಅದು ತಪ್ಪೇನೂ ಅಲ್ಲ. ಆದರೆ ಊರ ಬಾವಿಯ ನೀರು ಸೇದಿ, ಹಗ್ಗವನ್ನ ಮನೆಗೆ ತಗೊಂಡು ಹೋದ ಹಾಗಾಯ್ತು. ೨೦೦೨ರ ಮಾರ್ಚಿನಲ್ಲಿ ವೈನ್‌ನವರು ಲೈಸೆನ್ಸನ್ನೇ ಎಲ್.ಜಿ.ಪಿ.ಎಲ್.ಗೆ ಬದಲಿಸಿದರು. ಇನ್ನು ಮುಂದೆ ವೈನ್ ಬಳಸಿ, ಮಾರಿ, ದುಡ್ಡು ಮಾಡಿ, ಆದರೆ ವೈನ್‌ಗೆ ಮಾಡಿದ ತಿದ್ದುಪಡಿಯನ್ನ ಎಲ್ಲರ ಮುಂದಿಡಿ, ಅಷ್ಟೇ. ಈ ಒಂದು ಷರತ್ತಿನ ಬೆಲೆ ಆಮೇಲೆ ಗೊತ್ತಾಗುತ್ತೆ.

ಕೋಪ ಬಂದದ್ದು ಸಾಹುಕಾರನಿಗೆ

ಇಷ್ಟಾದರೂ ಲಿನಕ್ಸ್‌ನಲ್ಲಿ ಆಟ ಆಡೋರು ಬೆರಳೆಣಿಕೆ. ಕಥೆಗೆ ತಿರುವು ಬಂದದ್ದು ೨೦೧೨ರಲ್ಲಿ. ವಾಲ್ವ್ ಸಂಸ್ಥೆಯ ಗೇಬ್ ನ್ಯೂಯೆಲ್ ಗೊತ್ತಲ್ಲ? 'ಹಾಫ್-ಲೈಫ್', 'ಕೌಂಟರ್-ಸ್ಟ್ರೈಕ್' ಆಟಗಳ ಸಂಸ್ಥೆ, ಸ್ಟೀಮ್ ಅನ್ನೋ ದೊಡ್ಡ ಆಟದಂಗಡಿಯ ಒಡೆತನ. ಹಿಂದೆ ಹದಿಮೂರು ವರ್ಷ ಮೈಕ್ರೋಸಾಫ್ಟ್‌ನಲ್ಲೇ ದುಡಿದವರು. ವಿಂಡೋಸ್ ೮ರ ಜೊತೆಗೆ ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆಯುತ್ತೆ ಅಂತಾದಾಗ ಇವರಿಗೆ ಕಸಿವಿಸಿ ಶುರುವಾಯ್ತು. ಜಾಗದ ಯಜಮಾನನೇ ಎದುರಿಗೆ ಟಾಕೀಸು ಕಟ್ಟಿದರೆ ಬಾಡಿಗೆ ಟಾಕೀಸಿನವನ ಗತಿ? ವಿಂಡೋಸ್ ೮ ಪಿ.ಸಿ. ಲೋಕಕ್ಕೇ ಒಂದು ದುರಂತ ಅಂತ ಸಿಯಾಟಲ್‌ನ ಸಭೆಯೊಂದರಲ್ಲಿ ಬಹಿರಂಗವಾಗಿಯೇ ಹೇಳಿಬಿಟ್ಟರು.

೨೦೧೩ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. ನೆನಪಿಡಿ ಅಂದೆನಲ್ಲ, ಲೋಕಿಯ ಸ್ಯಾಮ್ ಲ್ಯಾಂಟಿಂಗ ಅಷ್ಟರಲ್ಲಿ ವಾಲ್ವ್ ಸೇರಿಯಾಗಿತ್ತು. ೨೦೧೫ರ ನವೆಂಬರಿನಲ್ಲಿ ಲಿನಕ್ಸ್ ತುಂಬಿದ 'ಸ್ಟೀಮ್ ಮಷೀನ್' ಪೆಟ್ಟಿಗೆಗಳು ಮಾರುಕಟ್ಟೆಗಿಳಿದವು. ಪೋಸ್ಟರ್ ದೊಡ್ಡದು, ಪ್ರಚಾರ ಭರ್ಜರಿ... ಚಿತ್ರ ತೋಪು! ಕಾರಣ ಅದೇ ಹಳೇದು. ಲಿನಕ್ಸ್ ಭಾಷೆಯ ಆಟಗಳೇ ಕಡಿಮೆ. ಟಾಕೀಸು ಎಷ್ಟೇ ಚೆನ್ನಾಗಿರಲಿ, ಒಳಗೆ ಪಿಕ್ಚರೇ ಇಲ್ಲದಿದ್ದರೆ ಬರೀ ಕುರ್ಚಿ ನೋಡೋಕೆ ಯಾರು ಟಿಕೆಟ್ ತಗೋತಾರೆ?

ಒಬ್ಬ ಅಭಿಮಾನಿಯ ಹಟ

ಈಗ ಹೀರೋ ಎಂಟ್ರಿ. ಅಭಿಮಾನಿಗಳಾದ ನಿಮಗೆ ಮೈ ಜುಮ್ ಅನ್ನುವ ಭಾಗ ಇದು. ೨೦೧೭ರಲ್ಲಿ 'ನಿಯರ್: ಆಟೊಮೇಟಾ' ಅನ್ನೋ ಜಪಾನಿ ಆಟ ವಿಂಡೋಸ್‌ಗೆ ಬಂತು. ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರಿಗೆ ಅದರ ಹುಚ್ಚು. ಆದರೆ ಆಟ ಲಿನಕ್ಸ್‌ನಲ್ಲಿ ಸರಿಯಾಗಿ ಓಡೋದಿಲ್ಲ. ನಾವಾಗಿದ್ದರೆ ಏನು ಮಾಡ್ತಿದ್ವಿ? ಹಣೆಬರಹ ಅಂತ ಬೈದುಕೊಂಡು ವಿಂಡೋಸ್‌ಗೆ ಹೋಗ್ತಿದ್ವಿ. ಈ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ಡಬ್ಬಿಂಗನ್ನೇ ಹೊಸದಾಗಿ ಬರೆಯೋಕೆ ಕೂತ!

ಅಲ್ಲಿಯವರೆಗೆ ವೈನ್ ಡೈರೆಕ್ಟ್ ತ್ರೀಡಿ ಮಾತನ್ನ ಓಪನ್ ಜಿ.ಎಲ್. ಅನ್ನೋ ಹಳೇ ಪರಿಭಾಷೆಗೆ ತಿರುಗಿಸ್ತಾ ಇತ್ತು. ಎರಡರ ಗುಣವೂ ಬೇರೆ, ತುಟಿಯೊಂದು ಕಡೆ, ಮಾತೊಂದು ಕಡೆ. ೨೦೧೬ರಲ್ಲಿ ವಲ್ಕನ್ ಎಂಬ ಹೊಸ ಮುಕ್ತ ಪರಿಭಾಷೆ ಬಂದಿತ್ತು. ಇದು ಗ್ರಾಫಿಕ್ಸ್ ಕಾರ್ಡಿನ ಹತ್ತಿರಕ್ಕೇ ಹೋಗಿ ಕಿವಿಯಲ್ಲಿ ಹೇಳುವ ಮಾತು, ನಡುವೆ ದಲ್ಲಾಳಿಗಳು ಕಡಿಮೆ. ರೆಬೋಲೆ ಡೈರೆಕ್ಟ್ ತ್ರೀಡಿ ೧೧ನ್ನ ನೇರವಾಗಿ ವಲ್ಕನ್‌ಗೆ ತಿರುಗಿಸುವ 'ಡಿ.ಎಕ್ಸ್.ವಿ.ಕೆ.' ಬರೆದ. ತುಟಿಗೂ ಮಾತಿಗೂ ತಾಳೆ ಬಿತ್ತು! ವಾಲ್ವ್‌ನವರ ಕಣ್ಣು ಬಿದ್ದು, ೨೦೧೮ರಲ್ಲೇ ಅವರ ಸಂಬಳದ ಮೇಲೆ ಪೂರ್ಣಕಾಲ ಅದೇ ಕೆಲಸ ಮಾಡುವಂತಾಯ್ತು. ಆಟ ಆಡೋಕೆ ಹೋಗಿ ಆಟದ ಲೋಕವನ್ನೇ ಬದಲಿಸಿದ ಅಭಿಮಾನಿ. ಶಿಳ್ಳೆ ಹೊಡೀಬೇಕು ತಾನೇ?

೨೦೧೮ರ ಆಗಸ್ಟ್ ೨೧. ವೈನ್, ಡಿ.ಎಕ್ಸ್.ವಿ.ಕೆ., ಮತ್ತೆ ಕೋಡ್‌ವೀವರ್ಸ್ ಸಂಸ್ಥೆಯವರ ಪರಿಶ್ರಮ ಎಲ್ಲ ಸೇರಿಸಿ ವಾಲ್ವ್ 'ಪ್ರೋಟಾನ್' ಹೆಸರಿನಲ್ಲಿ ಬಿಡುಗಡೆ ಮಾಡಿತು. ಸ್ಟೀಮ್‌ನ ಒಳಗೇ ಕೂತಿರುತ್ತೆ, ಬಟನ್ ಒತ್ತಿದರೆ ಆಟ ಶುರು. ಮೊದಲ ದಿನ ಖಾತರಿ ಕೊಟ್ಟದ್ದು ಬರೀ ೨೭ ಆಟಗಳಿಗೆ, 'ಡೂಮ್' ಮತ್ತು ನಮ್ಮ 'ನಿಯರ್' ಸಹಿತ. ಇವತ್ತು ಆ ಲೆಕ್ಕ ಸಾವಿರಗಳಲ್ಲಿದೆ.

೨೦೨೨ರ ಫೆಬ್ರವರಿಯಲ್ಲಿ ಕೈಯಲ್ಲಿ ಹಿಡಿದು ಆಡುವ 'ಸ್ಟೀಮ್ ಡೆಕ್' ಬಂತು. ಏಳು ಇಂಚಿನ ಪರದೆ, ಒಳಗೆ ಆರ್ಚ್ ಲಿನಕ್ಸ್ ಬುನಾದಿಯ ಸ್ಟೀಮ್ ಓ.ಎಸ್. ಅದೇ ಹೊತ್ತಿಗೆ 'ಎಲ್ಡನ್ ರಿಂಗ್' ಬಿಡುಗಡೆಯಾಗಿತ್ತು. ವಿಂಡೋಸ್‌ನಲ್ಲಿ ಆಡ್ತಿದ್ದವರೆಲ್ಲ ಆಟ ತಡೆತಡೆದು ಓಡುತ್ತೆ ಅಂತ ಗೋಳಾಡ್ತಿದ್ದರು. ವಾಲ್ವ್‌ನ ಎಂಜಿನಿಯರುಗಳು ತಮ್ಮ ಅನುವಾದದ ಪದರದಲ್ಲೇ ತಿದ್ದುಪಡಿ ಮಾಡಿ ಆ ತಡೆಯನ್ನ ತಗ್ಗಿಸಿಬಿಟ್ಟರು. ಮೂಲ ಚಿತ್ರಕ್ಕಿಂತ ಡಬ್ಬಿಂಗ್ ಪ್ರತಿಯೇ ಚೆನ್ನಾಗಿದೆ ಅನ್ನಿಸಿಕೊಂಡ ದಿನ ಅದು!

ಗೇಟ್‌ಕೀಪರ್ ಸಮಾಚಾರ

ಹಾಗಾದರೆ ಎಲ್ಲ ಸುಖಾಂತವೇ? ತಾಳಿ, ಇಂಟರ್‌ವಲ್ ಆದ ಮೇಲಿನ ಕಥೆ ಬಾಕಿ ಇದೆ.

ಹತ್ತಾರು ಜನ ಒಟ್ಟಿಗೆ ಆಡುವ ಪೋಟಿಯ ಆಟಗಳಿಗೆ ಬಾಗಿಲಲ್ಲಿ ಒಬ್ಬ ಗೇಟ್‌ಕೀಪರ್ ಇರ್ತಾನೆ. ಅವನ ಹೆಸರು ಆ್ಯಂಟಿ-ಚೀಟ್. ಮೋಸ ಮಾಡೋರನ್ನ ಹಿಡಿಯೋದು ಅವನ ಕೆಲಸ. ಕೆಲವರು ಲಿನಕ್ಸ್‌ನವರನ್ನೂ ಒಳಗೆ ಬಿಡೋಕೆ ಸಿದ್ಧ. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್-ಐ ೨೦೨೧ರಿಂದಲೇ ಪ್ರೋಟಾನ್‌ಗೆ ದಾರಿ ಮಾಡಿಕೊಟ್ಟಿವೆ. ಆದರೆ ಆಟದ ಯಜಮಾನ 'ಬಿಡು' ಅನ್ನಬೇಕು. ಅಲ್ಲೇ ಇರೋದು ಗಂಟು.

'ವ್ಯಾಲೊರಂಟ್' ತಗೊಳ್ಳಿ. ನಮ್ಮ ಹುಡುಗರ ಅಚ್ಚುಮೆಚ್ಚು. ಅದರ ಗೇಟ್‌ಕೀಪರ್ ವ್ಯಾನ್‌ಗಾರ್ಡ್ ವಿಂಡೋಸ್‌ನ ಕರ್ನಲ್‌ನೊಳಗೇ, ಅಂದರೆ ತೀರಾ ಒಳಗಿನ ಕೋಣೆಯಲ್ಲೇ, ಕಂಪ್ಯೂಟರ್ ಶುರುವಾದಾಗಿನಿಂದ ಕೂತಿರ್ತಾನೆ. ವೈನ್ ಡಬ್ಬಿಂಗ್ ಮಾಡೋದು ಹೊರಗಿನ ಮಾತುಕತೆಯನ್ನ. 'ಪ್ರೊಜೆಕ್ಟರ್ ರೂಮಿನ ಬೀಗದ ಕೈ ಕೊಡು' ಅಂದರೆ ಅದಕ್ಕೆ ಅನುವಾದವೇ ಇಲ್ಲ! ಅದಕ್ಕೇ 'ವ್ಯಾಲೊರಂಟ್' ಲಿನಕ್ಸ್‌ಗೆ ಬರಲಿಲ್ಲ. ವೈನ್‌ನಲ್ಲಿ ವರ್ಷಗಟ್ಟಲೆ ಓಡುತ್ತಿದ್ದ 'ಲೀಗ್ ಆಫ್ ಲೆಜೆಂಡ್ಸ್' ಕೂಡಾ ೨೦೨೪ರಲ್ಲಿ ಅದೇ ವ್ಯಾನ್‌ಗಾರ್ಡ್ ಬಂದ ಮೇಲೆ ಬಾಗಿಲು ಮುಚ್ಚಿಕೊಂಡಿತು. ೨೦೨೪ರ ಸೆಪ್ಟೆಂಬರಿನಲ್ಲಿ 'ಜಿ.ಟಿ.ಎ. ಆನ್‌ಲೈನ್' ಬ್ಯಾಟಲ್-ಐ ತಂದು ಲಿನಕ್ಸ್‌ನವರನ್ನ ಹೊರಗಿಟ್ಟಿತು. ಅಕ್ಟೋಬರ್ ೩೧ಕ್ಕೆ 'ಏಪೆಕ್ಸ್ ಲೆಜೆಂಡ್ಸ್' ಕೂಡಾ ಕೈಕೊಟ್ಟಿತು. ಲಿನಕ್ಸ್ ಮೂಲಕ ಮೋಸಗಾರರು ನುಗ್ತಾ ಇದ್ದಾರೆ ಅನ್ನೋದು ಅವರ ದೂರು.

ದೂರಿನಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳೋದಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂನಲ್ಲಿ ಕಾವಲು ಕಷ್ಟವೇ. ಆದರೆ ನ್ಯಾಯವಾಗಿ ದುಡ್ಡು ಕೊಟ್ಟು, ಎರಡು ವರ್ಷ ಮರ್ಯಾದೆಯಾಗಿ ಆಡಿಕೊಂಡಿದ್ದ ಹುಡುಗನನ್ನ ಒಂದು ಬೆಳಿಗ್ಗೆ 'ನಿನ್ನ ಭಾಷೆ ಸರಿಯಿಲ್ಲ, ಆಚೆ ನಡಿ' ಅಂದರೆ ಅವನಿಗೆ ಹೇಗಾಗಬೇಡ? ಟಿಕೆಟ್ ಹರಿದುಕೊಟ್ಟ ಮೇಲೆ ಕುರ್ಚಿಯಿಂದ ಎಬ್ಬಿಸೋದು ಯಾವ ಟಾಕೀಸಿನ ನ್ಯಾಯ?

ನಮ್ಮೂರಿನ ಜಗಳ, ಅವರೂರಿನ ಜಗಳ

ಈಗ ನಿಜವಾದ ಪ್ರಶ್ನೆಗೆ ಬರೋಣ. ಲಿನಕ್ಸ್ ಅಭಿಮಾನಿಗಳಲ್ಲೇ ಎರಡು ಬಣ ಇದೆ. ಒಂದು ಬಣದ ವಾದ ಕೇಳಿ: 'ಪ್ರೋಟಾನ್ ಇದ್ದರೆ ಆಟದವರು ಲಿನಕ್ಸ್‌ಗೆ ಅಂತ ಪ್ರತ್ಯೇಕ ಆಟ ಯಾಕೆ ಮಾಡ್ತಾರೆ? ಡಬ್ಬಿಂಗ್ ನಮ್ಮ ಸ್ವಂತ ಕಲೆಯನ್ನ ಕೊಲ್ಲುತ್ತೆ.'

ಎಲ್ಲೋ ಕೇಳಿದ ಹಾಗಿದೆ ಅಲ್ವೇ! ೧೯೬೦ರ ದಶಕದಲ್ಲಿ ನಮ್ಮ ಚಿತ್ರರಂಗ ಡಬ್ಬಿಂಗ್‌ಗೆ ಬಾಗಿಲು ಹಾಕಿದ್ದು ಇದೇ ಮಾತು ಹೇಳಿ. ಕನ್ನಡದ ಕಲಾವಿದನಿಗೆ, ಲೈಟ್ ಹಿಡಿಯುವ ಹುಡುಗನಿಗೆ ಕೆಲಸ ಉಳೀಬೇಕು ಅನ್ನೋ ಕಳಕಳಿ ಸುಳ್ಳಾಗಿರಲಿಲ್ಲ. ಅರ್ಧ ಶತಮಾನ ಆ ಕಟ್ಟು ನಡೀತು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಆದೇಶ ಕೊಟ್ಟಿತು. ಆಮೇಲೆ ಏನಾಯ್ತು? ೨೦೧೮ರಲ್ಲಿ 'ಕೆ.ಜಿ.ಎಫ್.' ಹಿಂದಿ, ತೆಲುಗು, ತಮಿಳು, ಮಲಯಾಳಕ್ಕೆ ಡಬ್ ಆಗಿ ದೇಶ ಸುತ್ತಿತು. ೨೦೨೨ರಲ್ಲಿ 'ಕಾಂತಾರ' ಅದೇ ದಾರಿ ಹಿಡೀತು. ಅದೇ ಹೊತ್ತಿಗೆ ಪರಭಾಷೆಯ ದೊಡ್ಡ ಚಿತ್ರಗಳು ಇಲ್ಲಿಯ ಸಣ್ಣ ಚಿತ್ರಗಳ ಪರದೆ ಕಸಿಯೋ ನೋವೂ ಇದೆ. ಎರಡೂ ನಿಜ.

ಲಿನಕ್ಸ್‌ನಲ್ಲೂ ಎರಡೂ ನಿಜ. ಪ್ರೋಟಾನ್ ಬಂದ ಮೇಲೆ ಲಿನಕ್ಸ್ ರಿಮೇಕುಗಳು ಇಳಿಮುಖವಾದವು, ಅದನ್ನ ಮುಚ್ಚಿಡಬೇಕಿಲ್ಲ. ೨೦೨೦ರಲ್ಲಿ 'ರಾಕೆಟ್ ಲೀಗ್' ತನ್ನ ಲಿನಕ್ಸ್ ಆವೃತ್ತಿಯನ್ನ ಕೈಬಿಟ್ಟಿತು. ಇನ್ನೊಂದು ವಿಚಿತ್ರ ನೋಡಿ. ಹತ್ತು ವರ್ಷದ ಹಿಂದೆ ಲಿನಕ್ಸ್‌ಗೇ ಅಂತ ಮಾಡಿದ ಎಷ್ಟೋ ಆಟಗಳು ಇವತ್ತಿನ ಲಿನಕ್ಸ್‌ನಲ್ಲಿ ಓಡೋದಿಲ್ಲ, ಆಗಿನ ಸಲಕರಣೆಗಳು ಬದಲಾಗಿಬಿಟ್ಟಿವೆ. ಅದೇ ಆಟದ ವಿಂಡೋಸ್ ಪ್ರತಿ ಪ್ರೋಟಾನ್‌ನಲ್ಲಿ ಲಕ್ಷಣವಾಗಿ ಓಡುತ್ತೆ! ಮನೆ ಮಗ ಮಾತು ಬಿಟ್ಟ, ಬಾಡಿಗೆಗೆ ಬಂದವನು ಊಟ ಮಾಡಿದ್ರಾ ಅಂತ ಕೇಳ್ತಾನೆ.

ನನ್ನ ಲೆಕ್ಕ ಇಷ್ಟು. ಕೊಟ್ಟಿಗೆಯಲ್ಲಿ ಹಸು ಇಲ್ಲದೆ ಹಾಲಿನ ಬೆಲೆಗೆ ಜಗಳ ಆಡಿ ಫಲವಿಲ್ಲ. ಮೊದಲು ಟಾಕೀಸು ತುಂಬಬೇಕು. ಸ್ಟೀಮ್‌ನವರು ತಿಂಗಳು ತಿಂಗಳು ನಡೆಸುವ ಸಮೀಕ್ಷೆಯಲ್ಲಿ ಲಿನಕ್ಸ್‌ನ ಪಾಲು ೨೦೨೫ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಶೇಕಡಾ ೩ ದಾಟಿತು. ನೂರು ಕುರ್ಚಿಯಲ್ಲಿ ಮೂರು! ಮೂರು ಜನ ಕೂಗಿದರೆ ಪ್ರೊಜೆಕ್ಟರಿನವನಿಗೂ ಕೇಳಿಸೋದಿಲ್ಲ. ಇಪ್ಪತ್ತು ಜನ ಕೂಗಿದರೆ ಗೇಟ್‌ಕೀಪರ್ ತಾನೇ ಬಾಗಿಲು ತೆಗೀತಾನೆ, ತಯಾರಕ ನಮ್ಮ ಭಾಷೆಯಲ್ಲೇ ಚಿತ್ರ ಮಾಡ್ತಾನೆ. ಜನ ಬರೋದಕ್ಕೆ ಡಬ್ಬಿಂಗ್ ಬೇಕು, ಬಂದ ಜನ ಸ್ವಂತದ್ದನ್ನ ಕೇಳಬೇಕು.

'ವಾಲ್ವ್ ಎಂಬ ಒಬ್ಬ ಸಾಹುಕಾರನನ್ನೇ ನಂಬಿಕೊಂಡ ಹಾಗಾಗಲಿಲ್ಲವೇ?' ಅಂತೀರಿ. ಒಳ್ಳೇ ಪ್ರಶ್ನೆ. ಇಲ್ಲೇ ನೋಡಿ ೨೦೦೨ರ ಆ ಲೈಸೆನ್ಸ್ ಷರತ್ತು ಕೆಲಸಕ್ಕೆ ಬರೋದು. ಟ್ರಾನ್ಸ್‌ಗೇಮಿಂಗ್‌ನ ಚಂದಾ ವ್ಯವಹಾರ ೨೦೧೧ರಲ್ಲಿ ನಿಂತುಹೋಯ್ತು, ಅವರ ಗುಟ್ಟೂ ಅವರ ಜೊತೆಗೇ ಹೋಯ್ತು. ಆದರೆ ವೈನ್, ಡಿ.ಎಕ್ಸ್.ವಿ.ಕೆ. ಎರಡರ ಬರಹವೂ ಎಲ್ಲರ ಕಣ್ಣೆದುರಿಗಿದೆ. ನಾಳೆ ವಾಲ್ವ್ ಮುನಿಸಿಕೊಂಡು ಬೀಗ ಹಾಕಿದರೂ ಇನ್ನೊಬ್ಬ ರೆಬೋಲೆ ಅಲ್ಲಿಂದಲೇ ಮುಂದುವರಿಸಬಹುದು. ಬಾವಿ ಊರಿನದು, ಹಗ್ಗವೂ ಊರಿನದು.

ಗುಜರಿಗೆ ಹಾಕುವ ಮುಂಚೆ

ಇಷ್ಟು ಓದಿದ ಮೇಲೆ ಉಪಯೋಗಕ್ಕೆ ಬರುವ ನಾಲ್ಕು ಮಾತು.

ಮೊದಲನೇದು, ನೀವು ದಿನಾ ಆಡುವ ಆಟಗಳ ಪಟ್ಟಿ ಬರೆದುಕೊಳ್ಳಿ. 'ಪ್ರೋಟಾನ್ ಡಿ.ಬಿ.' ಅನ್ನೋ ಕಡೆ ಆಡಿದವರೇ ಒಂದೊಂದು ಆಟಕ್ಕೂ ಪ್ಲಾಟಿನಂ, ಗೋಲ್ಡ್, ಸಿಲ್ವರ್ ಅಂತ ದರ್ಜೆ ಕೊಟ್ಟಿರ್ತಾರೆ. ಪಟ್ಟಿಯಲ್ಲಿ 'ವ್ಯಾಲೊರಂಟ್' ಒಂದೇ ಇದ್ದರೆ ಲಿನಕ್ಸ್ ನಿಮಗಲ್ಲ, ಸುಮ್ಮನೆ ಆಸೆ ಪಡಬೇಡಿ. 'ಕೌಂಟರ್-ಸ್ಟ್ರೈಕ್ ೨', 'ಡೋಟಾ ೨' ಇದ್ದರೆ ಚಿಂತೆಯೇ ಬೇಡ, ಅವು ಲಿನಕ್ಸ್ ಭಾಷೆಯಲ್ಲೇ ಬಂದಿವೆ. ಒಬ್ಬರೇ ಕೂತು ಆಡುವ ಕಥೆಯ ಆಟಗಳಾದರೆ ಮುಕ್ಕಾಲುವಾಸಿ ಗೆದ್ದಂತೆ.

ಎರಡನೇದು, ಗ್ರಾಫಿಕ್ಸ್ ಕಾರ್ಡ್. ಈಗಿನ ಡಿ.ಎಕ್ಸ್.ವಿ.ಕೆ.ಗೆ ವಲ್ಕನ್ ೧.೩ ಬೇಕು. ಎನ್‌ವಿಡಿಯಾದ ಹಳೇ ಕೆಪ್ಲರ್ ತಲೆಮಾರಿನ ಕಾರ್ಡುಗಳಿಗೆ ಅದು ಸಿಗೋದಿಲ್ಲ. ಎ.ಎಂ.ಡಿ. ಕಾರ್ಡಿದ್ದರೆ ಬೇಕಾದ ಡ್ರೈವರ್ ಸಾಮಾನ್ಯವಾಗಿ ಲಿನಕ್ಸ್ ಜೊತೆಗೇ ಬಂದಿರುತ್ತೆ. ಎನ್‌ವಿಡಿಯಾ ಆದರೆ ಆ ಕಂಪನಿಯದೇ ಡ್ರೈವರ್ ಹಾಕಿಕೊಳ್ಳಿ.

ಮೂರನೇದು, ಇದ್ದಬದ್ದದ್ದನ್ನೆಲ್ಲ ಅಳಿಸಿ ಶುರುಮಾಡಬೇಡಿ. ಮಿಂಟ್, ಉಬುಂಟು ಇವನ್ನ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಿಲ್ಲ. ವೈಫೈ, ಸೌಂಡು ಬರ್ತಾ ಇದೆಯಾ ಅಂತ ಖಾತ್ರಿ ಮಾಡಿಕೊಂಡು ಮುಂದಕ್ಕೆ ಹೋಗಿ. ಹಾಕಿಕೊಂಡ ಮೇಲೆ ಆಟಗಳನ್ನ ಲಿನಕ್ಸ್‌ನ ಸ್ವಂತ ಜಾಗದಲ್ಲೇ ಇಡಿ. ವಿಂಡೋಸ್‌ನ ಎನ್.ಟಿ.ಎಫ್.ಎಸ್. ಜಾಗದಿಂದ ಓಡಿಸಿದರೆ ಪ್ರೋಟಾನ್ ತಕರಾರು ಮಾಡುತ್ತೆ. ಸ್ಟೀಮ್ ಬಿಟ್ಟು ಬೇರೆ ಅಂಗಡಿಯ ಆಟಗಳಿದ್ದರೆ ಲುಟ್ರಿಸ್, ಹೀರೋಯಿಕ್ ಅನ್ನೋ ಪುಕ್ಕಟೆ ಸಲಕರಣೆಗಳಿವೆ.

ನಾಲ್ಕನೇದು, ಕದ್ದ ಪ್ರತಿ. 'ಲಿನಕ್ಸ್‌ಗೆ ವೈರಸ್ ಬರೋದಿಲ್ಲವಂತಲ್ಲ, ಎಲ್ಲಿಂದಲೋ ಇಳಿಸಿದ ಆಟ ಹಾಕಿದರೆ ಏನಾಗುತ್ತೆ' ಅಂತ ಕೇಳೋರಿದ್ದಾರೆ. ವೈನ್ ಅನುವಾದಕ ಕಣ್ರೀ, ಕಾವಲುಗಾರ ಅಲ್ಲ! ಒಳಗೆ ಬಂದ ದುಷ್ಟ ಏನು ಕೇಳ್ತಾನೋ ಅದನ್ನೂ ನಿಯತ್ತಾಗಿ ಅನುವಾದ ಮಾಡಿಬಿಡುತ್ತೆ. ನಿಮ್ಮ ಫೋಟೋ, ಕಾಗದ ಪತ್ರ ಇರುವ ಫೋಲ್ಡರ್ ಅವನ ಕೈಗೆ ಸಿಕ್ಕೇ ಸಿಗುತ್ತೆ. ಚಿತ್ರವಾಗಲಿ ಆಟವಾಗಲಿ, ಟಿಕೆಟ್ ತಗೊಂಡೇ ನೋಡಿ.

ಅಂತೂ ಗೆಳೆಯರೇ, ಮೂವತ್ತು ವರ್ಷಕ್ಕೂ ಮೀರಿದ ಈ ಡಬ್ಬಿಂಗ್ ಕೆಲಸದಲ್ಲಿ ಕೋಟಿ ಸುರಿದ ಸಾಹುಕಾರನೂ ಇದ್ದಾನೆ. ಆದರೆ ಅವನಿಗೆ ಮೊದಲು ಬಂದದ್ದು ಹೆಸರೇ ಕೇಳಿರದ ನೂರಾರು ಜನ, ಒಂದೊಂದೇ ಪದಕ್ಕೆ ಸಾಟಿ ಪದ ಹುಡುಕಿದವರು. ಅವರ ಮುಖ ಪೋಸ್ಟರಿನಲ್ಲಿ ಬರೋದಿಲ್ಲ, ಕಟೌಟ್ ನಿಲ್ಲಿಸೋರಿಲ್ಲ, ಹಾಲಿನ ಅಭಿಷೇಕವಂತೂ ಇಲ್ಲವೇ ಇಲ್ಲ. ಅವರ ದೆಸೆಯಿಂದ ನಿಮ್ಮ ಮನೆಯ ಹಳೇ ಯಂತ್ರಕ್ಕೆ ಇನ್ನೂ ನಾಲ್ಕಾರು ವರ್ಷದ ಆಯುಸ್ಸು ಸಿಕ್ಕಿದೆ. ಗುಜರಿಯವನಿಗೆ ಹಳೇ ಪೇಪರು ಕೊಟ್ಟು ಕಳಿಸಿ... ಈ ಸಂಚಿ‌ಕೆಯನ್ನ ಮಾತ್ರ ಕೊಡಬೇಡಿ!

ಮುಂದಿನ ವಾರ ಮತ್ತೆ ಗಾಂಧಿನಗರದ ಸುದ್ದಿಯೊಂದಿಗೆ ಸಿಗೋಣ.